ಒದ್ದೆ ಗೋಣಿತಟ್ಟು

ಅವರು ತೀರಿಕೊಂಡ ದಿನ ಓಣಿಯ ನಾಯಿಗಳೆಲ್ಲ ಅವರ ಮನೆಯ ಮುಂದೆ ಬಂದು ಕೂತವು ಎಂದು ಬರೆದರೆ ಓದುವವರಿಗೆ ಹಿತವಾಗಬಹುದು. ಹಾಗೇನೂ ಆಗಲಿಲ್ಲ. ಮಾಘದ ಚಳಿ, ನಾಯಿಗಳು ಎಂದಿನಂತೆ ಖಾರ ಕರಿಯುವ ಭಟ್ಟಿಯ ಹಿಂದಿನ ಬೆಚ್ಚನೆಯ ಬೂದಿಯಲ್ಲಿ ಮುದುಡಿಕೊಂಡು ಮಲಗಿದ್ದವು. ಹಾಲು ಹಾಕುವವನು ಬಂದು, "ಕಂಪೌಂಡರ್ ಕಾಕಾ ಹೋದ್ರಂತರಿ, ನಸುಕಿನ್ಯಾಗ" ಎಂದ. ಚಪ್ಪಲಿ ಮೆಟ್ಟಿಕೊಂಡು ಹೋದೆ. ಅಂಗಳದಲ್ಲಿ ಹತ್ತು ಹದಿನೈದು ಮಂದಿ ನಿಂತಿದ್ದರು. ಒಬ್ಬೊಬ್ಬರೇ ಒಳಗೆ ಹೋಗಿ ಮುಖ ನೋಡಿ ಬಂದರು. ನನಗೆ ಮಾತ್ರ ಕಾಲು ಬರಲಿಲ್ಲ. ಯಾಕೆ ಎಂಬುದನ್ನು ಯಾರಿಗಾದರೂ ಹೇಳಬೇಕು, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಅವರ ಹೆಸರು ಬರೆಯುವುದಿಲ್ಲ. ಊರಿನಲ್ಲಿ ಯಾರೂ ಹೆಸರು ಹಿಡಿದು ಕರೆದದ್ದೂ ಇಲ್ಲ. ಅವರು ದನದ ದವಾಖಾನೆಯ ಕಂಪೌಂಡರು, ಅಷ್ಟೇ. ನೌಕರಿಯ ಉದ್ದಕ್ಕೂ ಹಾನಗಲ್ಲು, ಶಿಗ್ಗಾವಿ, ಹಿರೇಕೆರೂರು, ಸವಣೂರು ಈ ನಾಲ್ಕು ತಾಲೂಕುಗಳಲ್ಲೇ ವರ್ಗವಾಗುತ್ತ ಸುತ್ತಿ, ಕೊನೆಗೆ ಸವಣೂರಿನ ಮಠದ ಹಿಂದಿನ ಓಣಿಯ ತಮ್ಮ ಹಳೆಯ ಮನೆಯಲ್ಲಿ ನಿಂತರು. ನಮ್ಮ ಮನೆ ಅವರ ಹಿತ್ತಲಿಗೆ ಅಂಟಿಕೊಂಡಿದೆ. ನಮ್ಮದು ಎಲೆಬಳ್ಳಿ ತೋಟ, ವೀಳ್ಯದೆಲೆಯ ವ್ಯಾಪಾರ. ಅವರದು ಪಾಠ, ಪೂಜೆ, ಮಡಿಯ ಮನೆತನ. ಅಂಥ ಮನೆಯಲ್ಲಿ ಹುಟ್ಟಿ ನಾಯಿಯ ಬಾಯಿಗೆ ಕೈ ಹಾಕುವ ಕೆಲಸ ಹಿಡಿದದ್ದಕ್ಕೆ ಅವರ ತಂದೆ ಬಹಳ ದಿನ ಮಾತು ಬಿಟ್ಟಿದ್ದರಂತೆ.

ಅವರ ಹೆಂಡತಿಯನ್ನು ನಾವೆಲ್ಲ ಕಾಕು ಎನ್ನುತ್ತಿದ್ದೆವು. ಕಾಕು ಮದುವೆಯಾದ ಹೊಸತರಲ್ಲೇ ಒಂದು ಕರಾರು ಹಾಕಿದ್ದರು: ನಾಯಿ ಮುಟ್ಟಿದ ದಿನ ಮುಂಬಾಗಿಲಿನಿಂದ ಒಳಗೆ ಬರುವಂತಿಲ್ಲ. ಹಿತ್ತಲಲ್ಲಿ ಒಂದು ಹಂಡೆ ನೀರು, ಒಗೆದು ಒಣಗಿಸಿದ ಒಂದು ಪಂಚೆ ಸದಾ ಸಿದ್ಧವಿರುತ್ತಿತ್ತು. ಬೇಸಿಗೆಯಲ್ಲಿ ಕಾಕಾ ದಿನಕ್ಕೆ ಐದು ಸಲ ಸ್ನಾನ ಮಾಡಿದ್ದನ್ನು ನಾನು ಗೋಡೆಯ ಈಚೆಯಿಂದ ಎಣಿಸಿದ್ದೇನೆ. "ಕಾಕಾ, ನಾಯಿ ನೋಡಾಕ ಹತ್ತು ನಿಮಿಷ, ಮೈ ತೊಳಕೊಳ್ಳಾಕ ಅರ್ಧ ತಾಸು ಆತಲ್ಲರಿ" ಎಂದು ಕೆಣಕಿದರೆ, ಮುಖದ ನೀರು ಒರೆಸಿಕೊಳ್ಳುತ್ತ, "ನಮ್ಮನ್ನ ಮುಟ್ಟಿದ್ದಕ್ಕ ನಾಯಿ ಸ್ನಾನ ಮಾಡಂಗಿಲ್ಲ ನೋಡು ತಮ್ಮಾ. ಅದರ ದೊಡ್ಡಸ್ತಿಕಿ ಅದು" ಎನ್ನುತ್ತಿದ್ದರು.

ಸಣಕಲು ಮೈ, ಮೊಣಕಾಲಿನ ಕೆಳಗೆ ಎರಡು ಮಡಿಕೆ ಮಡಚಿದ ಪ್ಯಾಂಟು, ಬಗಲಲ್ಲಿ ಒಂದು ಕೈಚೀಲ. ಚೀಲದಲ್ಲಿ ನೀರಿನ ಬಾಟ್ಲಿ, ಒಂದು ಮಣ್ಣಿನ ಬೋಗುಣಿ, ಪುಡಿಕೆಯಲ್ಲಿ ಕಟ್ಟಿದ ಕುರುಕಲು ಸವಣೂರು ಖಾರ. ಖಾರ ತಮಗೆ, ಉಳಿದದ್ದು ನಾಯಿಗೆ. ಬಿಸಿಲಲ್ಲಿ ಸ್ಟೀಲಿನ ಬೋಗುಣಿಯಲ್ಲಿ ನೀರಿಟ್ಟವರನ್ನು ಕಂಡರೆ ಅವರಿಗೆ ಎಲ್ಲಿಲ್ಲದ ಸಿಟ್ಟು. "ಚಹಾ ಕಾಸಿ ಇಟ್ಟೀರಿ, ಸಕ್ಕರಿ ಒಂದ ಕಡಿಮಿ ಆಗೇದ" ಎಂದು ಆ ನೀರನ್ನು ಅವರ ಕಾಲ ಮೇಲೆಯೇ ಚೆಲ್ಲಿ ತೋರಿಸುವರು.

ಶಿವರಾತ್ರಿ ಕಳೆದು ಬಿಸಿಲು ಚುರುಗುಟ್ಟಲು ಶುರುವಾಯಿತೆಂದರೆ ಅವರ ನಡಿಗೆಯೇ ಬದಲಾಗುತ್ತಿತ್ತು. ಅಲ್ಲಲ್ಲಿ ಬಾಗಿ ಅಂಗೈಯ ಹಿಂಬದಿಯನ್ನು ಡಾಂಬರಿನ ಮೇಲೆ ಇಟ್ಟು, ಬಾಯಲ್ಲೇ ಒಂದರಿಂದ ಏಳರವರೆಗೆ ಎಣಿಸುವರು. ಏಳರವರೆಗೆ ಕೈ ತಾಳದಿದ್ದರೆ, ಆ ಹೊತ್ತಿನಲ್ಲಿ ಯಾರು ನಾಯಿ ತಿರುಗಾಡಿಸಲು ಹೊರಟಿದ್ದಾರೆ ಎಂದು ಹುಡುಕುವರು. ಒಮ್ಮೆ ಬಸ್ ಸ್ಟ್ಯಾಂಡಿನ ಎದುರು ಹೊಸದಾಗಿ ಬಂದ ಒಬ್ಬ ಆಫೀಸರು ಹನ್ನೆರಡು ಗಂಟೆಯ ಬಿಸಿಲಲ್ಲಿ ನಾಯಿಯ ಹಗ್ಗ ಹಿಡಿದು ಹೊರಟಿದ್ದರು. ಕಾಕಾ ಅಡ್ಡ ನಿಂತು ಕೈಮುಗಿದು, "ಸಾಹೇಬ್ರ, ಒಂದು ಗಳಿಗಿ ಚಪ್ಪಲಿ ಬಿಚ್ಚತೀರೇನ್ರಿ" ಎಂದರು. ಆಫೀಸರು ಇದು ಯಾವುದೋ ದೇವರ ಜಾಗ ಇರಬೇಕೆಂದುಕೊಂಡು ಬಿಚ್ಚಿಯೇ ಬಿಟ್ಟರು. ಆಮೇಲೆ ಅವರು ಕುಣಿದ ಕುಣಿತ ಎದುರಿನ ಹೋಟೆಲಿನವರಿಗೆಲ್ಲ ಇನ್ನೂ ನೆನಪಿದೆ. "ನಿಮಗ ಎರಡ ಕಾಲು ಸುಟ್ಟುವು. ಅದಕ್ಕ ನಾಲ್ಕು ಅವ" ಎಂದು ಹೇಳಿ ಕಾಕಾ ತಮ್ಮ ದಾರಿ ಹಿಡಿದರು.

"ನಾಯಿಗೆ ನಮ್ಮಂಗ ಮೈಯೆಲ್ಲ ಬೆವರು ಬರಂಗಿಲ್ಲರೀ. ಕಾವು ಹೊರಗ ಹೋಗಾಕ ಬಾಯಿ ಒಂದ ಅದರ ಕಿಡಕಿ." ಇದು ಅವರ ಮಾತು. ತಗಡಿನ ಪತ್ರಾಸಿನ ಶೆಡ್ಡಿನಲ್ಲಿ ನಾಯಿ ಕಟ್ಟಿದವರಿಗೆ, ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೆ ನಾಯಿ ಬಿಟ್ಟು ಊಟಕ್ಕೆ ಹೋದವರಿಗೆ, ಎಲ್ಲರಿಗೂ ಇದನ್ನೇ ಹೇಳುವರು.

ಇಷ್ಟೆಲ್ಲ ತಿಳಿದವರು ಒಂದು ತಪ್ಪು ಮಾಡಿದರು. ಅದು ಸವಣೂರಿನವರು ಮಾತ್ರ ಮಾಡಬಹುದಾದ ತಪ್ಪು. ಅದರ ಬೇರು ನಮ್ಮ ಮನೆಯಲ್ಲಿ ಎಲೆ ಇಡುವ ಖೋಲಿಯಲ್ಲಿದೆ.

ತೋಟದಿಂದ ಬಂದ ಎಲೆಯನ್ನು ಕಟ್ಟು ಕಟ್ಟಿ, ಕತ್ತಲೆ ಖೋಲಿಯಲ್ಲಿ ಒಟ್ಟಿ, ಮೇಲೆ ನೀರಲ್ಲಿ ಅದ್ದಿದ ಗೋಣಿತಟ್ಟು ಹೊಚ್ಚುತ್ತೇವೆ. ಹೊರಗೆ ಬೆಂಕಿಯಂಥ ಬಿಸಿಲಿದ್ದರೂ ತಟ್ಟಿನ ಕೆಳಗೆ ಕೈ ಹಾಕಿದರೆ ತಣ್ಣಗೆ. ಕಾಕಾ ಸವಣೂರಿಗೆ ಮೊದಲ ಸಲ ವರ್ಗವಾಗಿ ಬಂದಾಗ ನಮ್ಮ ಅಪ್ಪ ಇದ್ದರು. ಅವರ ಹತ್ತಿರ ಮಾತಾಡುತ್ತ ಕೂತ ಕಾಕಾ ಒಂದು ಮಧ್ಯಾಹ್ನ ಆ ತಟ್ಟಿನ ಕೆಳಗೆ ಕೈ ಹಾಕಿ, ಬಹಳ ಹೊತ್ತು ತೆಗೆಯಲಿಲ್ಲವಂತೆ. ಅವತ್ತಿನಿಂದ ಬಿಸಿಲು ಬಡಿದ ನಾಯಿಗೆ ಅವರು ಹೇಳುತ್ತಿದ್ದ ಔಷಧ ಒಂದೇ: ಕತ್ತಲೆ ಖೋಲಿಯಲ್ಲಿ ಮಲಗಿಸಿ, ಮೂಗು ಬಿಟ್ಟು ಮೈಮೇಲೆಲ್ಲ ತೊಯ್ಸಿದ ತಟ್ಟು ಹೊಚ್ಚಿರಿ. ನಾಲ್ಕೂ ತಾಲೂಕಿನಲ್ಲಿ, ಹೋದ ಹೋದ ಮನೆಯಲ್ಲಿ ಹೇಳಿದರು. ನೌಕರಿ ಮುಗಿದ ಮೇಲೂ ಹೇಳುತ್ತಲೇ ಇದ್ದರು.

ಅವರು ನೋಡಿದ್ದು ಅರ್ಧ. ಉಳಿದರ್ಧ ಏನೆಂದರೆ, ನಾವು ಬೆಳಗ್ಗೆ ಸಂಜೆ ತಟ್ಟು ತೆಗೆದು, ಕಟ್ಟು ಬಿಚ್ಚಿ, ಎಲೆಗೆ ಗಾಳಿ ಆಡಿಸುತ್ತೇವೆ. ಇಲ್ಲದಿದ್ದರೆ ಒತ್ತಿ ಒಟ್ಟಿದ ಎಲೆ ತನ್ನ ಕಾವಿಗೆ ತಾನೇ ಬೆಂದು ಕಪ್ಪಾಗುತ್ತದೆ. ಎಲೆಯವರ ಮನೆಯ ಹೆಂಗಸರು ಮಕ್ಕಳಿಗೆಲ್ಲ ಇದು ಗೊತ್ತು. ಎಷ್ಟು ಗೊತ್ತೆಂದರೆ, ಬೇರೆಯವರಿಗೆ ಬಾಯಿಬಿಟ್ಟು ಹೇಳಬೇಕು ಎಂದು ಯಾರಿಗೂ ಅನ್ನಿಸಲಿಲ್ಲ.

ನಮ್ಮ ತೋಟದ ನಾಯಿ ಗುಂಡ್ಯಾ. ದಪ್ಪ ಕೂದಲು, ದಪ್ಪ ಮೈ, ಬುದ್ಧಿಯೂ ತುಸು ದಪ್ಪವೇ. ಅವತ್ತು ಚೈತ್ರದ ಒಂದು ಮಧ್ಯಾಹ್ನ, ಎರಡು ಗಂಟೆ. ತೋಟದಿಂದ ಹೊರಟ ನನ್ನ ಮೋಟರ್ ಸೈಕಲ್ಲಿನ ಹಿಂದೆ ಅದು ಊರವರೆಗೂ ಓಡಿ ಬಂದಿತ್ತು. ನಾನು ಹಿಂದಿರುಗಿ ನೋಡಲಿಲ್ಲ. ಅಂಗಳಕ್ಕೆ ಬಂದು ತೂರಾಡಿ ಬಿತ್ತು. ನಾಲಿಗೆ ಕೆಂಪಗೆ ಉದ್ದಕ್ಕೆ ಬಿದ್ದಿತ್ತು, ಬಾಯಿಂದ ಅಂಟು ಜೊಲ್ಲು, ಏದುಸಿರು. ನಾನು ಗಾಬರಿಯಾಗಲಿಲ್ಲ, ಏನು ಮಾಡಬೇಕೆಂದು ನನಗೆ ಗೊತ್ತಿತ್ತಲ್ಲ. ಎತ್ತಿಕೊಂಡು ಹೋಗಿ ಎಲೆ ಖೋಲಿಯಲ್ಲಿ ಮಲಗಿಸಿದೆ. ಎರಡು ಪದರು ತಟ್ಟು ತೊಯ್ಸಿ ಹೊಚ್ಚಿದೆ. ಬಿಸಿಲು ಬರದಿರಲಿ ಎಂದು ಬಾಗಿಲು ಮುಂದಕ್ಕೆ ಎಳೆದು ಊಟಕ್ಕೆ ಹೋದೆ.

ಊಟ ಮುಗಿಸಿ ಬಂದು ತಟ್ಟು ಎತ್ತಿದೆ. ಅನ್ನದ ಪಾತ್ರೆಯ ಮುಚ್ಚಳ ತೆಗೆದಂತೆ ಬಿಸಿ ಹಬೆ ಮುಖಕ್ಕೆ ಬಡಿಯಿತು. ಗುಂಡ್ಯಾನ ಕಣ್ಣು ತೆರೆದೇ ಇದ್ದವು. ಉಸಿರು ಇರಲಿಲ್ಲ. ಎಲೆಯವನ ಮಗ ನಾನು, ಏನಾಗಿದೆಯೆಂದು ಆ ಕ್ಷಣವೇ ಗೊತ್ತಾಯಿತು. ಎಲೆಗೆ ಮಾಡದ ತಪ್ಪನ್ನು ನಾಯಿಗೆ ಮಾಡಿದ್ದೆ. ಈಗಲೂ ದಿನಾ ಖೋಲಿಯಲ್ಲಿ ತಟ್ಟು ಎತ್ತುವಾಗ ನನ್ನ ಕೈ ಒಂದು ಗಳಿಗೆ ತಡೆಯುತ್ತದೆ. ಕೆಳಗೆ ಎಲೆಯೇ ಇದೆಯೆಂದು ಗೊತ್ತಿದ್ದರೂ ಹೆದರಿಕೆಯಾಗುತ್ತದೆ. ಮಧ್ಯಾಹ್ನ ತುಸು ಕಣ್ಣು ಹತ್ತಿದರೆ ಆ ಏದುಸಿರು ಕೇಳಿ ಎದ್ದು ಕೂಡುತ್ತೇನೆ.

ಎರಡು ದಿನ ಬಿಟ್ಟು ಕಾಕಾ ಗೋಡೆಯ ಮೇಲಿಂದ ಕೇಳಿದರು, "ಗುಂಡ್ಯಾ ಎಲ್ಲದಾನೋ ತಮ್ಮಾ, ಕಾಣವಲ್ಲ." ಅವರ ಮೈ ಇನ್ನೂ ಒದ್ದೆಯಿತ್ತು. ಯಾರದೋ ನಾಯಿ ನೋಡಿ ಬಂದು ಸ್ನಾನ ಮಾಡಿದ್ದರು. ಆ ಮುಖ ನೋಡಿ ನನಗೆ ನಿಜ ಹೇಳಲಾಗಲಿಲ್ಲ. "ತೋಟದಾಗ ಹಾವು ಕಡೀತರಿ ಕಾಕಾ" ಎಂದೆ. ಅವರು "ಪಾಪ, ನಂಬಿಗಸ್ತ ಇತ್ತು" ಎಂದು ಒಳಗೆ ಹೋದರು. ದೊಡ್ಡ ಮನುಷ್ಯನ ಮನಸ್ಸು ಉಳಿಸಿದೆ ಎಂದು ನನಗೆ ನಾನೇ ಶಹಬ್ಬಾಸ್ ಹೇಳಿಕೊಂಡೆ.

ಅದಾದ ಮೇಲೆ ಎರಡು ಬೇಸಿಗೆ ಕಳೆದವು. ಎರಡರಲ್ಲೂ ಅವರು ಅದೇ ಔಷಧ ಹೇಳಿಕೊಂಡು ತಿರುಗಿದರು. ಒಮ್ಮೆ ನನ್ನ ಎದುರಿಗೇ ಒಬ್ಬರಿಗೆ ಹೇಳಿದರು. ನಾನು ಎಲೆ ಎಣಿಸುವ ನೆವದಲ್ಲಿ ತಲೆ ಬಗ್ಗಿಸಿದೆ.

ಹೋದ ವರ್ಷ ಸಂಕ್ರಮಣ ಕಳೆದ ಮೇಲೆ ಹಂಸಭಾವಿಯ ಕಡೆ ಒಂದು ಗೃಹಪ್ರವೇಶಕ್ಕೆ ಹೋಗಿದ್ದರು. ಅಲ್ಲಿ ಒಬ್ಬ ಹಳೆಯ ಪರಿಚಯದ ರೈತ ಊಟಕ್ಕೆ ಕೂತಲ್ಲೇ ಹೇಳಿದನಂತೆ, "ನೀವು ಹೇಳಿದಂಗ ಮಾಡಿದೆ ನೋಡ್ರಿ, ನಾಯಿ ಒಳಗ ಕುದ್ದು ಸತ್ತಿತ್ರಿ." ಬಯ್ಯಲಿಲ್ಲವಂತೆ, ಸುದ್ದಿ ಹೇಳುವ ಹಾಗೆ ಹೇಳಿದನಂತೆ. ಕಾಕಾ ಊಟದ ಎಲೆ ಬಿಟ್ಟು ಎದ್ದು ಬಸ್ಸು ಹತ್ತಿ ನೇರ ನಮ್ಮ ಖೋಲಿಗೆ ಬಂದರು. ಮನೆಗೂ ಹೋಗಲಿಲ್ಲ.

"ಒಂದು ಮಾತು ಖರೇ ಹೇಳು. ಈ ತಟ್ಟು ಹೊಚ್ಚಿದ್ದು ಹಂಗ ಇರತದೇನು, ತಗೀತೀರೇನು?"

"ಮುಂಜಾನಿ ಸಂಜಿ ತಗದು ಗಾಳಿ ಆಡಿಸ್ತೇವರಿ. ಇಲ್ಲಂದ್ರ ಎಲಿ ಕಾವು ಹಿಡೀತೇತಿ."

ಅವರು ಎಲೆಯ ಕಟ್ಟುಗಳ ನಡುವೆ ನೆಲದ ಮೇಲೆಯೇ ಕೂತರು. "ಅದನ್ನ ನನಗ ಯಾರೂ ಹೇಳಲಿಲ್ಲಲ್ಲೋ" ಎಂದರು. ನಾನು ಆಗಲಾದರೂ ಬಾಯಿ ಬಿಡಬಹುದಿತ್ತು. ನೀರು ತಂದುಕೊಟ್ಟೆ, ಅಷ್ಟೇ.

ಆಮೇಲೆ ಶುರುವಾಯಿತು ಅವರ ತಿರುಗಾಟ. ತಾವು ಆ ಔಷಧ ಹೇಳಿದ ಮನೆಗಳನ್ನೆಲ್ಲ ನೆನಪಿಸಿಕೊಂಡು, ಬಿಸಿಲು ಏರುವುದರೊಳಗೆ ಪ್ರತಿಯೊಂದಕ್ಕೂ ಹೋಗಿ ತಪ್ಪು ಎಂದು ಹೇಳಿಬರಬೇಕು. ಕಾಕು ಎಷ್ಟು ಹೇಳಿದರೂ ಕೇಳಲಿಲ್ಲ. ಬಸ್ಸಿನಲ್ಲಿ ಅಲೆಯುವುದು ಬೇಡವೆಂದು ನಾನು ಗಾಡಿ ತೆಗೆದೆ. ಉಪಕಾರಕ್ಕಲ್ಲ, ಮನೆಯಲ್ಲಿ ಕೂತಿರಲು ನನಗೆ ಆಗುತ್ತಿರಲಿಲ್ಲ.

ಎಲ್ಲ ಮನೆಯಲ್ಲೂ ಒಂದೇ ರೀತಿ. ಮೆಟ್ಟಿಲ ಕೆಳಗೆ ಚಪ್ಪಲಿ ಬಿಡುವರು. ಒಳಗೆ ಕರೆದರೂ ಹೋಗದೆ ಅಲ್ಲೇ ನಿಂತು ಹೇಳುವರು: "ನಾ ಹೇಳಿದ್ದು ತಪ್ಪಿತ್ತರಿ. ತೊಯ್ಸಿದ ತಟ್ಟು ಹೊಚ್ಚಬ್ಯಾಡ್ರಿ, ಕಾವು ಒಳಗ ಉಳೀತದ. ನೆರಳಿಗೆ ಒಯ್ಯರಿ. ಹೊಟ್ಟಿಗೆ, ತೊಡಿಗೆ, ಪಾದಕ್ಕ ನೀರು ಸುರುವಕೋತ ಇರ್ರಿ. ಗಾಳಿ ಹಾಕ್ರಿ. ಕುಡೀಲಿಕ್ಕೆ ತುಸು ತುಸು ಕೊಡ್ರಿ. ಮತ್ತ ಲಗೂನ ದವಾಖಾನಿಗೆ ಒಯ್ಯರಿ." ಅಷ್ಟಕ್ಕೆ ಬಿಡುತ್ತಿರಲಿಲ್ಲ. "ಈಗ ನೀವು ಒಂದ್ಸಲ ಹೇಳ್ರಿ, ಕೇಳ್ತೇನಿ" ಎಂದು ಮನೆಯವರಿಂದ ಹೇಳಿಸುವರು. ತಪ್ಪಿಲ್ಲದೆ ಹೇಳಿದರೆ "ಬರೋಬರಿ" ಎಂದು ಚಪ್ಪಲಿ ಮೆಟ್ಟುವರು.

ಹಾನಗಲ್ಲಿನಲ್ಲಿ ಒಬ್ಬರು ನಕ್ಕುಬಿಟ್ಟರು. "ಒಂದು ನಾಯಿ ಸಲುವಾಗಿ ಇಷ್ಟು ದೂರ ಬಂದ್ರ್ಯಾ? ಫೋನ್ ಮಾಡಿದ್ರ ಸಾಕಿತ್ತು." ಕಾಕಾ ಅವರನ್ನೇ ನೋಡುತ್ತ, "ಆ ತಪ್ಪು ಔಷಧ ಹೇಳಾಕ ನಡಕೋತ ಬಂದಿದ್ದೆರೀ" ಎಂದರು. ಶಿಗ್ಗಾವಿಯ ಒಂದು ಮನೆಯಲ್ಲಿ ನಾಯಿ ಸಾಕುವುದನ್ನೇ ಬಿಟ್ಟು ಗಿಳಿ ಸಾಕಿದ್ದರು. ಅವರಿಂದಲೂ ಹೇಳಿಸಿಯೇ ಬಂದರು. ಹುಲಗೂರಿನ ಒಂದು ಮನೆಯಲ್ಲಿ ಒಬ್ಬ ಹೆಣ್ಣುಮಗಳು ಎಲ್ಲ ಕೇಳಿ, "ನಮ್ಮದೂ ಹಂಗ ಹೋತರಿ" ಎಂದಳು. ಕಾಕಾ ತಲೆ ಬಗ್ಗಿಸಿ ನಿಂತರು. ಆಕೆಯೇ ಚಹಾ ಮಾಡಿ ತಂದಳು. ಅವರು ಎಲ್ಲ ಬಾಗಿಲಲ್ಲಿ ಕ್ಷಮೆ ಕೇಳುತ್ತಿದ್ದಾಗ, ಕೇಳಬೇಕಾದವನು ರಸ್ತೆಯ ಮೇಲೆ ಗಾಡಿ ಹಿಡಿದು ನಿಂತಿರುತ್ತಿದ್ದ.

ಯುಗಾದಿಗೆ ನಾಲ್ಕು ದಿನ ಇರುವಾಗ ಕೊನೆಯ ಮನೆ ಮುಗಿಯಿತು. ಹಾನಗಲ್ಲಿನ ಕಡೆಯಿಂದ ಬರುತ್ತ ಬಂಕಾಪುರದಲ್ಲಿ ಕಬ್ಬಿನ ಹಾಲು ಕುಡಿಯಲು ನಿಂತೆವು. ಕಾಕಾ ಎಷ್ಟೋ ದಿನದ ಮೇಲೆ ಹಗುರಾಗಿದ್ದರು. "ನಿಮ್ಮ ಮನಿ ಒಂದ ನೋಡು ಇದರಾಗ ಸೇರಲಿಲ್ಲ. ಹಾವು ಕಡದು ಹೋತು, ಅದರ ಹಣೇಬರಹ" ಎಂದರು. ಆ ಹಗುರವನ್ನು ನೋಡಲು ನನ್ನಿಂದ ಆಗಲಿಲ್ಲ.

"ಹಾವು ಕಡದಿಲ್ಲರಿ ಕಾಕಾ. ತಟ್ಟು ಹೊಚ್ಚಿದ್ದೆ."

ಅವರು ಲೋಟ ಕೆಳಗಿಟ್ಟರು. "ಯಾವ ವರ್ಷ?" ಎಂದರು. ಹೇಳಿದೆ. ಬೆರಳಿನಲ್ಲಿ ಏನೋ ಎಣಿಸಿದರು. "ಅಂದ್ರ ನಡುವ ಎರಡು ಬ್ಯಾಸಗಿ" ಎಂದರು. ಸವಣೂರು ಮುಟ್ಟಿದೆವು. ಓಣಿಯ ತಿರುವಿನಲ್ಲಿ ಇಳಿದು ನಡೆದುಹೋದರು. ನಾನು ಬಯ್ಗುಳಕ್ಕೆ ಸಿದ್ಧನಾಗಿದ್ದೆ. ಒಂದೂ ಬರಲಿಲ್ಲ.

ಹತ್ತು ದಿನ ಅವರು ಕಾಣಲಿಲ್ಲ. ಬೆಳಗ್ಗೆ ಒಬ್ಬರೇ ಬಸ್ಸಿಗೆ ಹೋಗುತ್ತಾರೆ, ಸಂಜೆ ಬಂದು ಮಲಗುತ್ತಾರೆ ಎಂದು ಕಾಕು ಹೇಳಿದರು. ಹನ್ನೊಂದನೆಯ ದಿನ ಮಧ್ಯಾಹ್ನ ನಮ್ಮ ಮುಂಬಾಗಿಲಿಗೆ ಬಂದರು. ಇಷ್ಟು ವರ್ಷ ಹಿತ್ತಲ ಗೋಡೆಯ ಸಂದಿಯಿಂದಲೇ ಬಂದು ಹೋಗಿ ಮಾಡಿದವರು. ಮೆಟ್ಟಿಲ ಕೆಳಗೆ ಚಪ್ಪಲಿ ಬಿಟ್ಟರು.

"ಒಳಗ ಬರ್ರಿ ಕಾಕಾ" ಎಂದೆ. ಬರಲಿಲ್ಲ.

"ನಿಮ್ಮ ನಾಯಿ ನನ್ನ ಮಾತಿನಿಂದ ಸತ್ತದರಿ. ನಾ ಹೇಳಿದ್ದು ತಪ್ಪಿತ್ತು" ಎಂದರು. ಬೇರೆಯವರ ಬಾಗಿಲಲ್ಲಿ ಆಡುತ್ತಿದ್ದ ಅದೇ ದನಿ. ತಮ್ಮಾ ಎನ್ನಲಿಲ್ಲ.

"ತಪ್ಪು ನಂದರಿ. ನಾ ಅವತ್ತ ಹೇಳಿದ್ದಿದ್ರ" ಎಂದು ನಾನು ಶುರುಮಾಡಿದೆ. ಅವರು ಕೈ ಎತ್ತಿ ತಡೆದರು.

"ಒಂದ್ಸಲ ಹೇಳ್ರಿ, ಕೇಳ್ತೇನಿ."

ಗಾಡಿಯ ಹತ್ತಿರ ನಿಂತು ಎಷ್ಟೋ ಮನೆಯಲ್ಲಿ ಕೇಳಿದ ಪಾಠ. ನೆರಳು, ಹೊಟ್ಟೆ, ತೊಡೆ, ಪಾದ, ನೀರು, ದವಾಖಾನೆ ಎಂದೆ. ಗಾಳಿ ಬಿಟ್ಟುಹೋಯಿತು. ಮತ್ತೊಮ್ಮೆ ಹೇಳಿಸಿದರು. ಹೇಳಿದೆ. "ಬರೋಬರಿ" ಎಂದು ಚಪ್ಪಲಿಗೆ ಕಾಲು ತೂರಿಸಿದರು. ಹೊರಟವರು ನಿಂತು, ನನ್ನ ಮುಖ ನೋಡದೆ ಹೇಳಿದರು, "ನಡುವಿನ ಎರಡು ಬ್ಯಾಸಗ್ಯಾಗ ಎಷ್ಟು ಹೋದವು ಅಂತ ಕೇಳಿಕೊಂಡು ಬಂದೇನ್ರಿ. ಮೂರು. ಹಂಸಭಾವ್ಯಾಗ ರಾಜಾ. ಹಾನಗಲ್ಲಾಗ ಚಿನ್ನಿ, ಅದು ಗಬ್ಬ ಇತ್ತಂತ. ಹುಲಗೂರಾಗ ಬಂಡ್ಯಾ. ನಿಮಗ ಗೊತ್ತಿರಲಿ ಅಂತ ಹೇಳಿದೆ."

ಆಮೇಲೆ ಅವರು ಹತ್ತು ತಿಂಗಳು ಬದುಕಿದ್ದರು. ಎದುರಾದಾಗ ನಗುತ್ತಿದ್ದರು, ಎಲೆ ವ್ಯಾಪಾರ ಹೇಗಿದೆ ಎಂದು ಕೇಳುತ್ತಿದ್ದರು. ಸಿಟ್ಟು ಇರಲಿಲ್ಲ. ತಮ್ಮಾ ಎಂದು ಕರೆದದ್ದು ಮಾತ್ರ ಇಲ್ಲ. ರಾಜಾ, ಚಿನ್ನಿ, ಬಂಡ್ಯಾ. ಮೂರರಲ್ಲಿ ಒಂದನ್ನೂ ನಾನು ಕಣ್ಣಿಂದ ಕಂಡಿಲ್ಲ, ಆದರೂ ಎಲೆ ಎಣಿಸುವಾಗ ನಡುವೆ ಲೆಕ್ಕ ತಪ್ಪಿಸಿ ಈ ಹೆಸರುಗಳು ಬಂದುಬಿಡುತ್ತವೆ.

ಈ ಶಿವರಾತ್ರಿ ಕಳೆದ ಮೇಲೆ ಒಂದು ದಿನ ಗಟ್ಟಿ ಮನಸ್ಸು ಮಾಡಿ ಹುಲಗೂರಿಗೆ ಹೋದೆ. ಗೊತ್ತಿದ್ದೂ ಸುಮ್ಮನಿದ್ದೆ ಎಂದು ಹೇಳಿ ಬರೋಣ, ಉಳಿದೆರಡು ಮನೆಗೂ ಹೋಗೋಣ ಎಂದು. ಬಂಡ್ಯಾನ ಮನೆಯ ಎದುರು ಗಾಡಿ ನಿಲ್ಲಿಸಿದೆ, ಇಳಿಯಲಿಲ್ಲ. ಬಾಗಿಲಲ್ಲಿ ಅಕ್ಕಿ ಹಸನು ಮಾಡುತ್ತಿದ್ದ ಆ ಹೆಣ್ಣುಮಗಳು ತಲೆ ಎತ್ತಿ, "ಯಾರು ಬೇಕಾಗಿತ್ತರಿ?" ಎಂದಳು. ನನ್ನ ಗುರುತು ಅವಳಿಗೆ ಸಿಗಲಿಲ್ಲ, ಸಿಗುವುದಾದರೂ ಹೇಗೆ, ಅವತ್ತೂ ನಾನು ರಸ್ತೆಯ ಮೇಲೆಯೇ ಇದ್ದೆ.

"ಯಾರೂ ಇಲ್ಲರಿ ಯಕ್ಕಾ. ನೀರು ಬೇಕಾಗಿತ್ತು, ಅದಕ್ಕ ನಿಂತೆ" ಎಂದೆ.

"ಬಿಸಿಲಾಗ ಯಾಕ ನಿಂತೀರಿ, ನೆರಳಿಗೆ ಬರ್ರಿ" ಎಂದು ಒಳಗೆ ಹೋಗಿ ತಂಬಿಗೆಯ ತುಂಬ ತಣ್ಣನೆಯ ನೀರು ತಂದಳು. ಕುಡಿದೆ. ತಂಬಿಗೆ ಕೊಟ್ಟು ಗಾಡಿ ಚಾಲೂ ಮಾಡಿದೆ.